ಶಾಲೆಗೆ ಪೊಲೀಸಮ್ಮ ಬಂದ ವರ್ಷ

ಹೋದ ತಿಂಗಳು ಲಂಡನ್ನಿನ ರೇನರ್ಸ್ ಲೇನ್‌ನಲ್ಲಿ ನಮ್ಮ ಕನ್ನಡದವರ ಯುಗಾದಿ ಊಟ ಇತ್ತು. ಜಾಗ ಒಂದು ಸ್ಕೂಲಿನದು, ಶನಿವಾರಕ್ಕೆ ಬಾಡಿಗೆಗೆ ಹಿಡಿದಿದ್ದರು. ಬಾಗಿಲು ತಳ್ಳಿದ ಕೂಡಲೇ ಮೂಗಿಗೆ ಬಡಿಯಿತು. ನೆಲಕ್ಕೆ ಹಾಕುವ ಪಾಲಿಶು, ಒಣಗದ ಕೋಟುಗಳು, ನಿನ್ನೆ ಬೆಂದ ಕೋಸಿನ ಹಳಸಲು. ಒಬ್ಬಟ್ಟಿನ ಘಮ ಅದರ ಮುಂದೆ ನಿಲ್ಲಲಿಲ್ಲ. ಹದಿಮೂರು ವರ್ಷ ಅಂಥದೇ ವಾಸನೆಯೊಳಗೆ ಸೌಟು ಹಿಡಿದು ನಿಂತವಳು ನಾನು.

ಪಕ್ಕದಲ್ಲಿ ಕೂತ ಹುಡುಗಿ ಹೊಸಬಳು, ಬೆಂಗಳೂರಿಂದ ಬಂದು ಆರು ತಿಂಗಳಂತೆ. ಮಡಿಲಲ್ಲಿ ಮಗು. ಎಲೆಗೆ ನೀರು ಚಿಮುಕಿಸುತ್ತ ಕೇಳಿದಳು, "ಅಜ್ಜಿ, ಇಲ್ಲಿ ಸ್ಕೂಲೊಳಗೇ ಪೊಲೀಸ್ ಇರ್ತಾರಂತಲ್ಲ? ಮಕ್ಕಳಿಗೆ ಅದು ಸೇಫ್ ಅನ್ಸತ್ತಾ, ಇಲ್ಲಾ ಭಯ ಆಗತ್ತಾ?"

"ಯಾರ ಮಕ್ಕಳಿಗೆ ಅನ್ನೋದರ ಮೇಲೈತೆ," ಅಂದೆ.

ಅವಳಿಗೆ ಅರ್ಥವಾಗಲಿಲ್ಲ. ಕೋಸಂಬರಿ ಬಂತು, ಮಾತು ಅಲ್ಲಿಗೇ ನಿಂತಿತು. ಅವಳಿಗೆ ಹೇಳದೆ ಬಿಟ್ಟದ್ದನ್ನು ಇಲ್ಲಿ ಹೇಳುತ್ತೇನೆ. ನನ್ನ ಮರ್ಯಾದೆ ಹೆಚ್ಚಿಸುವ ಸಂಗತಿಯಲ್ಲ.

ನಾನು ನಂಜನಗೂಡಿನ ಕಡೆಯವಳು, ಹೆಸರು ನಿಂಗಮ್ಮ. ಓದು ಮೂರನೇ ಕ್ಲಾಸಿಗೆ ಮುಗಿಯಿತು. ಗಂಡ ಹೋದ ಮೇಲೆ ಮೈಸೂರಿನಲ್ಲಿ ಒಬ್ಬರ ಮನೆಯಲ್ಲಿ ಅಡಿಗೆಗಿದ್ದೆ. ಆ ಮನೆಯ ಮಗಳು ಲಂಡನ್ನಿನ ಆಸ್ಪತ್ರೆಯಲ್ಲಿ ಡಾಕ್ಟರು. ತೊಂಬತ್ತನೇ ಇಸವಿಯಲ್ಲಿ ಅವರಿಗೆ ಹೆಣ್ಣುಮಗುವಾಯಿತು. ಬಾಣಂತನ ಮುಗಿಸಿಕೊಂಡು ಬಾ ಎಂದು ನನ್ನನ್ನು ಕಳಿಸಿದರು. ಬಂದವಳು ವಾಪಸು ಹೋಗಲೇ ಇಲ್ಲ. ಗಂಡ ಹೆಂಡತಿ ಇಬ್ಬರಿಗೂ ಪಾಳಿಯ ಕೆಲಸ, ಮಗು ಬೆಳೆದದ್ದು ಕೆಂಟನ್‌ನ ಆ ಮನೆಯಲ್ಲಿ ನನ್ನ ತೊಡೆಯ ಮೇಲೆ. ಹೆಸರು ಸಿಂಧು. ಹೆತ್ತವರು ಯಾರು, ಎತ್ತಿದವರು ಯಾರು ಎಂದು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಮರೆತವಳೂ ಅಲ್ಲ.

ಸಿಂಧು ನರ್ಸರಿಗೆ ಹೋಗತೊಡಗಿದಾಗ ಹಗಲೆಲ್ಲ ಗೋಡೆ ನೋಡುತ್ತ ಕೂರುವುದಾಯಿತು. ಡಾಕ್ಟರಮ್ಮನೇ ಫಾರ್ಮು ತುಂಬಿ ಹತ್ತಿರದ ಹೈಸ್ಕೂಲಿನ ಊಟದಮನೆಯಲ್ಲಿ ಬಡಿಸುವ ಕೆಲಸ ಕೊಡಿಸಿದರು. ನಿಂಗಮ್ಮ ಎನ್ನಲು ಅಲ್ಲಿನ ಮಕ್ಕಳಿಗೆ ನಾಲಿಗೆ ಹೊರಳದು. ಮಿಸ್ ನಿಂಗ್ ಅಂದರು. ಬೇಗ ಬೇಗ ಅಂದರೆ ಅದು ಮಿಸ್ಸಿಂಗ್. ಕಾಣೆಯಾದವಳು ಎಂದು ಅರ್ಥವಂತೆ. ದಿನಾ ಅದೇ ಕಟ್ಟೆಯ ಹಿಂದೆ ನಿಂತಿದ್ದವಳಿಗೆ ಆ ಹೆಸರು. ಜ್ವರ ಬಂದು ಒಂದು ದಿನ ಹೋಗದಿದ್ದರೆ "ಮಿಸ್ಸಿಂಗ್ ಈಸ್ ಮಿಸ್ಸಿಂಗ್" ಎಂದು ಸಾಲಿನಲ್ಲಿ ನಿಂತು ಹಾಡುತ್ತಿದ್ದರಂತೆ.

ಆದರೆ ಆ ಸ್ಕೂಲಿನಲ್ಲಿ ನನಗೊಂದು ಜಾಗ ಇತ್ತು. ಇಬ್ಬರು ಹುಡುಗರು ಕೈಕೈ ಮಿಲಾಯಿಸಿದರೆ ಮೇಷ್ಟರು ಬರುವ ಮೊದಲೇ ನಾನು ನಡುವೆ ನುಗ್ಗಿ, ಗ್ರೇವಿ ಸುರಿಯುವ ಸೌಟು ಎತ್ತಿ ಕನ್ನಡದಲ್ಲಿ ಬೈಯುತ್ತಿದ್ದೆ. ಅರ್ಥವಾಗದ ಬೈಗುಳಕ್ಕೆ ಹೆದರಿಕೆ ಜಾಸ್ತಿ. ಅಳುವ ಹುಡುಗಿಯರು ಕೋಟು ನೇತುಹಾಕುವ ನನ್ನ ಸಣ್ಣ ಕೋಣೆಗೆ ಬರುತ್ತಿದ್ದರು. ಊಟದಮನೆಗೆ ತಾಗಿದ ಉಗ್ರಾಣ ಅದು. ಅಲ್ಲೊಂದು ಸ್ಟೂಲು, ನನ್ನ ಮೊಸರನ್ನದ ಡಬ್ಬಿ, ಕೋಣೆ ಬೆಚ್ಚಗಿಡುವ ಒಂದು ಬಿಸಿಗೊಳವೆ. ನಾನು ಏನೂ ಕೇಳುತ್ತಿರಲಿಲ್ಲ, ಕೇಳಲು ಇಂಗ್ಲಿಷ್ ಸಾಲದು. ಬಿಸ್ಕತ್ತು ಕೊಡುತ್ತಿದ್ದೆ. ಅತ್ತು ಮುಗಿಸಿ ಹೋಗುತ್ತಿದ್ದರು.

ಹನ್ನೊಂದು ತುಂಬಿದ ಮೇಲೆ ಸಿಂಧು ಅದೇ ಸ್ಕೂಲಿಗೆ ಬಂದಳು. ಆ ಹೊತ್ತಿಗೆ ಅವಳು ಕನ್ನಡ ಆಡುವುದು ಬಿಟ್ಟು ಮೂರು ವರ್ಷವಾಗಿತ್ತು. ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಇಂಗ್ಲಿಷಿನಲ್ಲಿ. ಉಳಿದದ್ದು ಒಂದೇ ಮಾತು. ನಮ್ಮಲ್ಲಿ ಹೊರಡುವಾಗ ಹೋಗುತ್ತೇನೆ ಅನ್ನುವುದಿಲ್ಲ, ಅದು ತಿರುಗಿ ಬರದವರ ಮಾತು. ಬತ್ತೀನಿ ಅನ್ನಬೇಕು. ಮಾತು ಬಂದ ದಿನದಿಂದ ಅದನ್ನು ಅವಳ ಬಾಯಿಗೆ ಹಾಕಿದ್ದೆ. ಡಾಕ್ಟರಮ್ಮ "ಬರ್ತೀನಿ ಅನ್ನು ಪುಟ್ಟಿ, ಬತ್ತೀನಿ ಅಲ್ಲ" ಎಂದು ತಿದ್ದುತ್ತಿದ್ದರು. ಹುಡುಗಿ ತಿದ್ದಿಕೊಳ್ಳಲಿಲ್ಲ. ಬೆಳಿಗ್ಗೆ ಮನೆ ಬಿಡುವಾಗ "ಬತ್ತೀನಿ". ಸಂಜೆ ಸ್ಕೂಲಿನ ಪಕ್ಕದ ಗೇಟಿನಲ್ಲಿ ನಾನು ಕಾದು ನಿಂತಿರುತ್ತಿದ್ದೆ. ನನ್ನ ಜೊತೆ ನಡೆದು ಬರಲು ನಾಚಿಕೆ ಅವಳಿಗೆ, ಬಸ್ಸಿಗೆ ಹೋಗುವವಳು. ಆದರೆ ದಾಟಿ ಹೋಗುವಾಗ ಕೈ ಎತ್ತಿ "ಬತ್ತೀನಿ" ಅನ್ನದೆ ಹೋದವಳಲ್ಲ. ಅವಳ ತಾಯಿಯ ಮಾತಲ್ಲ ಅದು, ನನ್ನ ಮಾತು. ಒಳಗೊಳಗೇ ಹಿಗ್ಗುತ್ತಿದ್ದೆ.

ಎರಡು ಸಾವಿರದ ಮೂರನೇ ಇಸವಿ ಸೆಪ್ಟೆಂಬರಿನಲ್ಲಿ ರಜೆ ಮುಗಿಸಿ ಹೋದರೆ ನನ್ನ ಕೋಟಿನ ಗೂಟವನ್ನು ಪಾತ್ರೆ ತೊಳೆಯುವ ಕಡೆ ಹೊಡೆದಿದ್ದರು. ಉಗ್ರಾಣಕ್ಕೆ ಬಣ್ಣ ಬಳಿದು, ಮೇಜು, ಟೆಲಿಫೋನು, ಎರಡು ಮೆತ್ತನೆಯ ಕುರ್ಚಿ ಹಾಕಿದ್ದರು. ಒಳಗೆ ಪೊಲೀಸಮ್ಮ. ಸಿಟಿಯಲ್ಲಿ ಹುಡುಗರು ಚಾಕು ಇಟ್ಟುಕೊಂಡು ತಿರುಗುತ್ತಾರೆ, ಫೋನು ಕಿತ್ತುಕೊಳ್ಳುತ್ತಾರೆ ಎಂದು ಸ್ಕೂಲಿಗೊಬ್ಬ ಪೊಲೀಸನನ್ನು ಇಡುವ ಏರ್ಪಾಡು ಆಗ ಶುರುವಾಗಿತ್ತು. ನಮ್ಮ ಪಾಲಿಗೆ ಬಂದವಳ ಹೆಸರು ಟ್ರೇಸಿ. ಮೂವತ್ತರ ಆಸುಪಾಸು, ಕುಳ್ಳಿ, ನಕ್ಕರೆ ಒಸಡು ಕಾಣುತ್ತಿತ್ತು.

"ಸಾರಿ, ನಿಮ್ಮ ಕೋಣೆ ಕಿತ್ತುಕೊಂಡೆ ಅಂತ ಹೇಳಿದರು," ಎಂದಳು ಮೊದಲ ದಿನವೇ.

"ನೋ ಪ್ರಾಬ್ಲಮ್," ಅಂದೆ. ಮೊಸರನ್ನದ ಡಬ್ಬಿಯನ್ನು ಸಿಂಕಿನ ಪಕ್ಕ ಇಟ್ಟುಕೊಂಡು ನಿಂತೇ ತಿಂದೆ.

ಮೊದಲೆರಡು ವಾರ ಮಕ್ಕಳು ಅವಳನ್ನು ಕಂಡರೆ ಗೋಡೆಗೆ ಸರಿಯುತ್ತಿದ್ದರು. ನನಗೆ ಸಮಾಧಾನವಾಗಿತ್ತು. ಆಮೇಲೆ ನೋಡಿದರೆ ಅವಳ ಬಾಗಿಲ ಮುಂದೆ ಸಾಲು, ಅಳುವವರ ಸಾಲು. ಬಿಸ್ಕತ್ತಿನ ಡಬ್ಬಿ ಕೂಡ ಇಟ್ಟಿದ್ದಳು, ಚಾಕಲೇಟು ಮೆತ್ತಿದ ಬಿಸ್ಕತ್ತು. ನನ್ನದು ಬರೀ ಮಾರಿ.

ಒಂದು ಸಂಜೆ ಈರುಳ್ಳಿ ಹೆಚ್ಚುತ್ತ ಸಿಂಧುವನ್ನು ಕೇಳಿದೆ. "ಏನವ್ವ ಅವಳಲ್ಲಿ ಅಂಥಾದ್ದು?"

"ಶೀ ಈಸ್ ಸೇಫ್, ನಿಂಗಿ," ಅಂದಳು.

"ಅವಳಿಗೇನು ಕೇಡು? ಸೊಂಟದಲ್ಲಿ ದೊಣ್ಣೆ ಐತೆ, ಹೆಗಲ ಮೇಲೆ ರೇಡಿಯೋ ಐತೆ. ಅವಳು ಸೇಫಾಗಿರದೆ ನಾನಿರ್ತೀನಾ?"

ಹುಡುಗಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಇಂಗ್ಲಿಷಿನಲ್ಲೇ ಬಿಡಿಸಿ ಹೇಳಿದಳು. ಈಗ ಮಕ್ಕಳ ಬಾಯಲ್ಲಿ ಸೇಫ್ ಅಂದರೆ ಒಳ್ಳೆಯವಳು, ನಂಬಬಹುದಾದವಳು ಎಂದಂತೆ. ಟೀಚರಿಗೆ ಒಂದು ಮಾತು ಹೇಳಿದರೆ ಮಧ್ಯಾಹ್ನಕ್ಕೆ ಇಡೀ ಸ್ಕೂಲಿಗೆ ಗೊತ್ತಾಗುತ್ತದೆ. ಟ್ರೇಸಿ ಯಾರಿಗೂ ಹೇಳುವುದಿಲ್ಲ. ಬಸ್ಸಿನಲ್ಲಿ ಒಬ್ಬ ಬೇರೆ ಸ್ಕೂಲಿನವನು ದಿನಾ ಹಿಂದೆ ಕೂತು ಕೂದಲು ಎಳೆಯುತ್ತಿದ್ದನಂತೆ. ಟ್ರೇಸಿಗೆ ಹೇಳಿದಳಂತೆ, ಅವಳು ಎರಡು ದಿನ ಅದೇ ಬಸ್ಸಿನಲ್ಲಿ ಬಂದಳಂತೆ, ಅವನು ಬಿಟ್ಟನಂತೆ.

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ಸೌಟು ತಗೊಂಡು ಬಸ್ ಹತ್ತುತ್ತಿದ್ದೆ."

ಹತ್ತುತ್ತಿದ್ದೆ, ನಿಜ. "ಹಂಗಾದ್ರೆ ನಾನು ಸೇಫಲ್ವಾ?"

"ಯೂ ಆರ್ ನಿಂಗಿ," ಅಂದು ಮಹಡಿ ಹತ್ತಿಹೋದಳು. ಅದು ಹೊಗಳಿಕೆಯೋ ತೆಗಳಿಕೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತು ತೆಗಳಿಕೆ ಎಂದೇ ಇಟ್ಟುಕೊಂಡೆ.

ಎಲ್ಲ ಮಕ್ಕಳಿಗೂ ಹಾಗಿರಲಿಲ್ಲ ಅನ್ನಿ. ಹೋದನ್ ಅಂತ ಒಬ್ಬಳು ಸೋಮಾಲಿ ಹುಡುಗಿ ಇದ್ದಳು, ದೊಡ್ಡ ಕ್ಲಾಸಿನವಳು, ಉದ್ದಕ್ಕೆ ಬೆಳೆದವಳು. ಟ್ರೇಸಿ ಊಟದಮನೆಗೆ ಬಂದರೆ ತಟ್ಟೆ ಎತ್ತಿಕೊಂಡು ದೂರದ ಮೇಜಿಗೆ ಹೋಗುತ್ತಿದ್ದಳು. ಒಂದು ದಿನ ಕೇಳಿದೆ, ಯಾಕೆ ಎಂದು.

"ನನ್ನ ಅಣ್ಣನನ್ನ ರೋಡಿನಲ್ಲಿ ವಾರಕ್ಕೊಂದು ಸಲ ನಿಲ್ಲಿಸಿ ಜೇಬು ನೋಡ್ತಾರೆ, ಮಿಸ್ಸಿಂಗ್. ಅದೇ ಕೋಟು, ಅದೇ ಟೋಪಿ. ಇವಳು ಒಳ್ಳೆಯವಳಿರಬಹುದು. ಇವಳು ಕಾರಿಡಾರಿನಲ್ಲಿ ಬಂದರೆ ನನ್ನ ಕೈ ತಾನಾಗೇ ಜೇಬಿನಿಂದ ಹೊರಗೆ ಬರತ್ತೆ. ಯಾರೂ ಹೇಳಬೇಕಾಗಿಲ್ಲ. ಇದು ಸೇಫಾ?"

ಅವಳ ಕಷ್ಟಕ್ಕೆ ನನಗೆ ಮರುಕ ಹುಟ್ಟಲಿಲ್ಲ. ಖುಷಿಯಾಯಿತು. ಟ್ರೇಸಿಯನ್ನು ಒಲ್ಲದವಳು ಒಬ್ಬಳಾದರೂ ಸಿಕ್ಕಳಲ್ಲ ಎಂದು ಎರಡು ಸೌಟು ಕಸ್ಟರ್ಡ್ ಹೆಚ್ಚಿಗೆ ಹಾಕಿದೆ. ಅಂಥವಳಾಗಿದ್ದೆ ಆ ವರ್ಷ.

ಅಕ್ಟೋಬರಿನಲ್ಲಿ ಸ್ಕೂಲಿನವರು ಮಕ್ಕಳಿಗೆಲ್ಲ ಒಂದು ಹಾಳೆ ಕೊಟ್ಟು ಮನೆಯಲ್ಲಿ ತುಂಬಿಕೊಂಡು ಬನ್ನಿ ಅಂದರು. ಸ್ಕೂಲಿನಲ್ಲಿ ಎಲ್ಲಿ ಭಯ, ಯಾವ ಹೊತ್ತಿನಲ್ಲಿ ಭಯ, ಭಯವಾದರೆ ಯಾರ ಹತ್ತಿರ ಹೋಗುತ್ತೀರಿ. ಸಿಂಧು ತುಂಬಿ ಅಡಿಗೆಮನೆಯ ಮೇಜಿನ ಮೇಲೆ ಬಿಟ್ಟಿದ್ದಳು. ಇಂಗ್ಲಿಷ್ ಓದಲು ನನಗೆ ಬರುವುದಿಲ್ಲ, ಆದರೆ ನನ್ನ ಹೆಸರಿನ ಮೊದಲಕ್ಷರ ಗೊತ್ತು. ಮೂರು ಗೆರೆ, ನಡುವಿನದು ಓರೆ. ಹಾಳೆಯ ಎರಡು ಮಗ್ಗುಲಲ್ಲೂ ಹುಡುಕಿದೆ. ಕೊನೆಯ ಸಾಲಿನಲ್ಲಿ ಹೆಸರಿನ ಹಾಗೆ ಕಾಣುವುದು ಒಂದೇ ಇತ್ತು, ಅದರ ಮೊದಲಕ್ಷರ ಕೊಡೆ ಬಿಚ್ಚಿ ನಿಲ್ಲಿಸಿದ ಹಾಗೆ. ಟ್ರೇಸಿಯ ಬಾಗಿಲ ಮೇಲೆ ದಿನಾ ನೋಡುವ ಅಕ್ಷರವೇ.

ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ವಾರದ ಮೇಲೆ ಒಂದು ದಿನ ಟ್ರೇಸಿ ಊಟ ಮುಗಿಸಿ, ತಟ್ಟೆ ತಂದಿಟ್ಟು, ಹೊರಡುವಾಗ ಕೈ ಎತ್ತಿ ಒಸಡು ತೋರಿಸಿ ಅಂದಳು: "ಬಟ್ಟೀನಿ, ಮಿಸ್ಸಿಂಗ್!"

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಸಿಂಡಿ ಕಲಿಸಿದಳು," ಎಂದಳು. ಸಿಂಧುವನ್ನು ಅಲ್ಲಿ ಎಲ್ಲರೂ ಸಿಂಡಿ ಎನ್ನುತ್ತಿದ್ದರು. "ಬರ್ತೀನಿ ಅಂತಲೇ ಅರ್ಥವಂತೆ, ಆದರೆ ಹೋಗುವಾಗ ಹೇಳೋದಂತೆ. ಎಷ್ಟು ಚೆನ್ನಾಗಿದೆ! ಸರಿಯಾಗಿ ಹೇಳಿದೆನಾ?"

"ತಪ್ಪು," ಅಂದೆ. ತಿದ್ದಿ ಹೇಳಲಿಲ್ಲ. ಕೋಣೆ ಹೋಯಿತು, ಅಳುವ ಮಕ್ಕಳು ಹೋದರು, ಈಗ ಇದು. ಹುಡುಗಿಯ ಬಾಯಲ್ಲಿ ನನ್ನದೆಂದು ಇದ್ದದ್ದು ಅದೊಂದೇ ಮಾತು, ಅದನ್ನೂ ತೆಗೆದು ಇವಳ ಕೈಗೆ ಕೊಟ್ಟಳಲ್ಲ. ಮನೆಗೆ ಹೋಗಿ ಸಿಂಧುವಿನ ಜೊತೆ ಎರಡು ದಿನ ಮಾತಾಡಲಿಲ್ಲ. ಯಾಕೆಂದು ಅವಳು ಕೇಳಲೂ ಇಲ್ಲ.

ನವೆಂಬರ್ ಕೊನೆಯ ಒಂದು ಗುರುವಾರ. ಮಳೆ, ಮೂರೂವರೆಗೇ ದೀಪ ಹಾಕಿದ್ದರು. ಟ್ರೇಸಿ ಅವತ್ತು ಯಾವುದೋ ಟ್ರೇನಿಂಗು ಎಂದು ಬಂದಿರಲಿಲ್ಲ. ಸಂಜೆಯ ಗಂಟೆ ಹೊಡೆದು ಮಕ್ಕಳು ಹೊರಬಿದ್ದರು. ರಸ್ತೆಯ ಆ ಕಡೆ ಮೇಲಿನ ಕ್ಲಾಸಿನ ನಾಲ್ಕು ಹುಡುಗಿಯರು ನಿಂತಿದ್ದರು. ಒಬ್ಬಳು ಕೂಗಿದಳು, "ಸಿಂಡಿ, ಕಮಾನ್!" ಸಿಂಧು ನನ್ನ ಕಡೆ ತಿರುಗಿ, ಮಳೆಯ ಸದ್ದಿಗೆ ದನಿ ಏರಿಸಿ "ಬತ್ತೀನಿ!" ಎಂದು ಕೈ ಎತ್ತಿ, ಎಂದಿನಂತೆ ಬಸ್‌ಸ್ಟಾಪಿನ ಕಡೆ ಹೋದಳು. ನಾನು ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಮನೆ ಕಡೆ ನಡೆದೆ.

ಆ ಬಸ್‌ಸ್ಟಾಪಿನಲ್ಲಿ ಬೇರೆ ಸ್ಕೂಲಿನ ಒಂದು ಹುಡುಗಿ ನಿಂತಿತ್ತು. ಈ ನಾಲ್ವರೂ ಅದನ್ನು ಹೊಡೆಯಬೇಕೆಂದೇ ಹೋದವರು. ಜುಟ್ಟು ಹಿಡಿದು ಕಬ್ಬಿಣದ ಕಂಬಿಗೆ ಗುದ್ದಿದರು. ಹಲ್ಲು ಮುರಿಯಿತು, ಗಲ್ಲಕ್ಕೆ ಹೊಲಿಗೆ ಬಿತ್ತು. ಅಂಗಡಿಯ ಕ್ಯಾಮೆರಾದಲ್ಲಿ ಎಲ್ಲ ಬಂದಿತ್ತು. ಸಿಂಧು ಹೊಡೆದಿರಲಿಲ್ಲ, ಗುಂಪಿನಲ್ಲಿ ನಿಂತಿದ್ದಳು. ಆದರೆ ಕೈಯಲ್ಲಿ ಹೊಡೆದವಳ ಬ್ಯಾಗು. ಹಿಡಿ ಎಂದು ತುರುಕಿದರಂತೆ, ಹೆದರಿ ಹಿಡಿದುಕೊಂಡಳಂತೆ.

ಮರುದಿನ ಮಕ್ಕಳೆಲ್ಲ ಒಂದೇ ಮಾತು. ಟ್ರೇಸಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಗೇಟಿನಲ್ಲಿ ನಾನಿದ್ದೆ. ನಾನಿದ್ದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಹೊಡೆದವರು ನಮ್ಮ ಸ್ಕೂಲಿನ ಹುಡುಗಿಯರೇ, ಟ್ರೇಸಿಗೆ ಬೇಕಾದವರು. ಅದಕ್ಕೆ ಅವಳನ್ನು ಆ ಕೇಸಿನಿಂದ ದೂರ ಇಟ್ಟು ಠಾಣೆಯಿಂದ ಬೇರೆ ಒಬ್ಬ ಪೊಲೀಸನನ್ನು ಕಳಿಸಿದರು. ಅವನು ಗೇಟಿನಲ್ಲಿದ್ದವರ ಹೇಳಿಕೆ ಬರೆದುಕೊಳ್ಳುತ್ತಿದ್ದ. ನನ್ನನ್ನೂ ಕರೆದ. ನಿಮ್ಮ ಭಾಷೆಯವರನ್ನು ಕರೆಸಲಾ ಎಂದು ಮೊದಲೇ ಕೇಳಿದ, ಸುಳ್ಳು ಹೇಳಬಾರದು. ಅಷ್ಟರಲ್ಲಿ ಟ್ರೇಸಿ ಬಾಗಿಲಲ್ಲಿ ತಲೆ ಹಾಕಿ, "ನಿಮಗೆ ಧೈರ್ಯಕ್ಕೆ ಯಾರಾದರೂ ಪಕ್ಕದಲ್ಲಿ ಕೂರಬೇಕಾ, ಮಿಸ್ಸಿಂಗ್? ಏರ್ಪಾಡು ಮಾಡಿಸುತ್ತೇನೆ," ಅಂದಳು.

"ನೋ ನೀಡ್. ಐ ನೋ ಇಂಗ್ಲಿಷ್," ಅಂದೆ. ಅವಳಿಂದ ಒಂದು ಕುರ್ಚಿಯ ಉಪಕಾರವೂ ನನಗೆ ಬೇಡವಾಗಿತ್ತು.

ಅವನು ಕೇಳಿದ, "ಆ ಹುಡುಗಿಯರು ಏನಂದರು?"

"ಸಿಂಡಿ, ಕಮಾನ್."

"ಸಿಂಡಿ ಏನಂದಳು?"

"ಐ ಆಮ್ ಕಮಿಂಗ್."

"ಅದೇ ಮಾತಾ? ಸರಿಯಾಗಿ ನೆನಪಿದೆಯಾ?"

"ಅದೇ. ಐ ಆಮ್ ಕಮಿಂಗ್."

ಬರೆದದ್ದನ್ನು ಓದಿ ಹೇಳಿದ. ತಲೆ ಆಡಿಸಿದೆ. ನನಗೆ ಬರುವ ಆ ಒಂದಕ್ಷರ ಹಾಕಿ, ಪಕ್ಕದಲ್ಲಿ ಗೆರೆ ಎಳೆದೆ. ಹೊರಗೆ ಬಂದಾಗ ಎದೆ ಸೆಟೆದಿತ್ತು. ಯಾರ ಸಹಾಯವೂ ಇಲ್ಲದೆ ಇಂಗ್ಲಿಷಿನಲ್ಲಿ ಸಾಕ್ಷಿ ಹೇಳಿದ್ದೆನಲ್ಲ.

ಸೋಮವಾರ ಮನೆಗೆ ಕಾಗದ ಬಂತು. ಮುಂದಿನ ವಾರದ ಮಂಗಳವಾರ ಸ್ಕೂಲು ನಡೆಸುವ ಹಿರಿಯರ ಸಭೆ, ಅಲ್ಲಿಯವರೆಗೆ ಸಿಂಧು ಸ್ಕೂಲಿಗೆ ಕಾಲಿಡಬಾರದು. ಮೊದಲೇ ಗೊತ್ತಿದ್ದು ಹೋದವರನ್ನು ಸ್ಕೂಲಿನಿಂದಲೇ ತೆಗೆಯುತ್ತಾರೆ, ಸುಮ್ಮನೆ ಅಲ್ಲಿ ನಿಂತಿದ್ದವರಿಗೆ ಬೈದು ಬಿಡುತ್ತಾರೆ. ಸಿಂಧು ಮೊದಲೇ ಗೊತ್ತಿದ್ದು ಹೋದವಳು ಎನ್ನಲು ಸಾಕ್ಷಿ, ಕರೆದಾಗ "ಬರುತ್ತಿದ್ದೇನೆ" ಎಂದು ಉತ್ತರ ಕೊಟ್ಟಿದ್ದಾಳೆ ಎಂಬ ಹೇಳಿಕೆ. ಹೇಳಿಕೆ ಕೊಟ್ಟವರು ಮಿಸೆಸ್ ನಿಂಗಮ್ಮ.

ಡಾಕ್ಟರಮ್ಮ ಕಾಗದ ಓದಿ ಮುಗಿಸುವ ಮೊದಲೇ ನಾನು ಬಾಯಿ ಹಾಕಿದೆ.

"ಅಯ್ಯೋ ಅಮ್ಮಾವ್ರೇ, ಅದು ಬತ್ತೀನಿ ಅಂದಿದ್ದು. ನನಗೆ ಅಂದಿದ್ದು."

"ಅದು ನಂಗೊತ್ತು ನಿಂಗಮ್ಮ. ಅವರಿಗೆ ಹೇಳ್ದೆ ಫೋನಲ್ಲಿ. ತಾಯಿ ಇನ್ನೇನು ಹೇಳ್ತಾಳೆ ಅನ್ನೋ ಹಾಗೆ ಮಾತಾಡಿದ್ರು. ನೀನೂ ನಮ್ಮನೆಯವಳೇ, ಈಗ ತಿರುಗಿಸಿ ಹೇಳಿದ್ರೆ ನಾವು ಹೇಳಿಕೊಟ್ಟಿದ್ದು ಅಂತಾರೆ."

ಸಿಂಧು ಕಣ್ಣು ಒರೆಸಿಕೊಂಡು ಎದ್ದು ನಿಂತಳು. "ಟ್ರೇಸಿಗೆ ಗೊತ್ತು," ಅಂದಳು ಇಂಗ್ಲಿಷಿನಲ್ಲಿ. "ನಾನು ಕಲಿಸಿದ್ದೇನೆ, ಜಗಳಕ್ಕೆ ಎಷ್ಟೋ ಮೊದಲೇ. ಅವಳು ಪೊಲೀಸ್. ಅವಳು ಹೇಳಿದರೆ ನಂಬುತ್ತಾರೆ. ಕೇಸಿನ ಕಾಗದ ಅವಳಿಗೆ ತೋರಿಸುವುದಿಲ್ಲವಂತೆ, ಅದಕ್ಕೇ ಅವಳಿಗೆ ಇದು ಗೊತ್ತಾಗಿಲ್ಲ."

"ನಾನು ಫೋನ್ ಮಾಡ್ತೀನಿ," ಎಂದು ಡಾಕ್ಟರಮ್ಮ ಎದ್ದರು.

"ಬ್ಯಾಡಿ ಅಮ್ಮಾವ್ರೇ. ನನ್ನ ತಪ್ಪು. ನಾಳೆ ನಾನೇ ಬಾಯಲ್ಲಿ ಹೇಳ್ತೀನಿ. ಅವಳ ಬಾಗಿಲು ನನ್ನ ಪಕ್ಕದಲ್ಲೇ ಐತೆ."

ಹೇಳಲಿಲ್ಲ.

ಮಂಗಳವಾರ ಹೋದೆ, ಬಾಗಿಲವರೆಗೆ. ಒಳಗೆ ಮೂರು ಹುಡುಗಿಯರು ಅವಳ ಸುತ್ತ ಕೂತಿದ್ದರು, ಒಬ್ಬಳ ತಲೆ ಅವಳ ಹೆಗಲ ಮೇಲೆ. ನನ್ನ ಬಿಸಿಗೊಳವೆ, ನನ್ನ ಕಿಟಕಿ. ತಿರುಗಿ ಬಂದೆ. ಸಂಜೆ ಸಿಂಧು ಬಾಗಿಲಲ್ಲೇ ಕಾಯುತ್ತಿದ್ದಳು. "ಹೇಳಿದೆಯಾ?" "ಇರಲಿಲ್ಲ ಮಗ. ಮೀಟಿಂಗಂತೆ."

ಬುಧವಾರ ಟ್ರೇಸಿಯೇ ತಟ್ಟೆ ಹಿಡಿದು ಬಂದಳು. ದನಿ ತಗ್ಗಿಸಿ ಅಂದಳು, "ಸಿಂಡಿ ವಿಷಯ ಕೇಳಿ ಬೇಜಾರಾಯಿತು. ನನಗೆ ಏನೂ ತೋರಿಸುತ್ತಿಲ್ಲ. ನಿಮಗೇನಾದರೂ ಗೊತ್ತಿದ್ದರೆ ಹೇಳಿ, ಮಿಸ್ಸಿಂಗ್. ಆ ಮಗು ಅಂಥದ್ದಕ್ಕೆ ಹೋಗುವವಳಲ್ಲ."

ಆ ಮಗು ಎಂಥದ್ದು ಎಂದು ಇವಳು ನನಗೆ ಹೇಳಬೇಕು.

"ಗ್ರೇವಿ?" ಎಂದೆ.

ಗುರುವಾರಕ್ಕೆ ಕಾರಣವೇ ಇಲ್ಲ, ಸುಮ್ಮನೆ ಹೋಗಲಿಲ್ಲ. ಶುಕ್ರವಾರ ಮೀನಿನ ದಿನ, ಸಾಲು ಉದ್ದ ಎಂದು ನನಗೆ ನಾನೇ ಹೇಳಿಕೊಂಡೆ. ಹೋಗಿ ಹೇಳಿದರೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹುಡುಗಿಯನ್ನು ಸಿಕ್ಕಿಸಿದವಳು ನಾನು, ಬಿಡಿಸಿದವಳು ಅವಳು ಎಂದಾಗುತ್ತದೆ. ಅದೂ ಯಾವ ಮಾತಿನಿಂದ? ನಾನು ಹುಟ್ಟಿದಾರಭ್ಯ ಆಡಿದ ಮಾತು. ಅದು ನನ್ನ ಬಾಯಲ್ಲಿ ಸುಳ್ಳು ಸಾಕ್ಷಿ, ಅವಳ ಬಾಯಲ್ಲಿ ಸತ್ಯ. ಸಿಂಧುವಿಗೆ ನಾಲ್ಕೂ ಸಂಜೆ "ಸಿಗಲಿಲ್ಲ ಮಗ" ಅಂದೆ. ನಾಲ್ಕನೇ ಸಂಜೆ ಅವಳು ಕೇಳದಿದ್ದರೂ ನಾನೇ ಅಂದೆ, ಅವಳು ನನ್ನ ಮುಖ ನೋಡಿದಳು.

ಭಾನುವಾರ ಡಾಕ್ಟರಮ್ಮ ಡ್ಯೂಟಿಯಲ್ಲಿದ್ದರು. ಬ್ರೆಡ್ಡು ತರಲು ಸಿಂಧು ಕೋಟು ಹಾಕಿಕೊಂಡು ಬಾಗಿಲು ತೆಗೆದಳು.

"ಐ ಆಮ್ ಗೋಯಿಂಗ್," ಅಂದಳು.

"ಏನಂದೆ?"

"ಗೋಯಿಂಗ್, ನಿಂಗಿ. ಇನ್ನೊಂದನ್ನು ನಾನು ಹೇಳುವುದಿಲ್ಲ. ಅದರಿಂದ ಏನಾಯಿತು ನೋಡು."

ಬಾಗಿಲು ಹಾಕಿಕೊಂಡಿತು. ಅಂಗಡಿ ಐದು ನಿಮಿಷದ ದಾರಿ. ಅವಳು ಬರುವವರೆಗೆ ಮೆಟ್ಟಿಲ ಮೇಲೆ ಕೂತಿದ್ದೆ. ಬಂದಳು, ಬ್ರೆಡ್ಡು ಇಟ್ಟಳು, ಹೋದಳು.

ಸೋಮವಾರ ಏಪ್ರನ್ ಕಟ್ಟುವ ಮೊದಲೇ ಟ್ರೇಸಿಯ ಕೋಣೆಗೆ ಹೋದೆ. ಅದು ಅವಳ ಕೋಣೆಯಾದ ಮೇಲೆ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಕೂರು ಅಂದಳು, ಕೂರಲಿಲ್ಲ.

"ಸಿಂಧು ಸೇ ಬತ್ತೀನಿ. ಟು ಮೀ. ಐ ಸೇ ಪೊಲೀಸ್, ಕಮಿಂಗ್. ನಾಟ್ ಕಮಿಂಗ್. ಬೈ."

ಅವಳು "ಓ ಮೈ ಗಾಡ್," ಎಂದು ಟೋಪಿ ಎತ್ತಿಕೊಂಡು ಹೆಡ್‌ಮಾಸ್ಟರ ಕೋಣೆಗೆ ಹೋದಳು. ನಡೆಯಲಿಲ್ಲ, ಓಡಿದಳು. ನಾನು ಖಾಲಿ ಕೋಣೆಯಲ್ಲಿ ಮೆತ್ತನೆ ಕುರ್ಚಿಯ ಪಕ್ಕ ನಿಂತಿದ್ದೆ.

ಮಧ್ಯಾಹ್ನ ಎರಡೂವರೆಗೆ ಎಲ್ಲರನ್ನೂ ಕರೆಸಿದರು. ಹೆಡ್‌ಮಾಸ್ಟರು, ಠಾಣೆಯವನು, ಟ್ರೇಸಿ, ಆಸ್ಪತ್ರೆಯಿಂದ ಹಾಗೇ ಬಂದ ಡಾಕ್ಟರಮ್ಮ, ಯೂನಿಫಾರ್ಮು ಹಾಕಿಕೊಂಡ ಸಿಂಧು, ನಾನು. ಟ್ರೇಸಿ ಎದ್ದು ನಿಂತು ಹೇಳಿದಳು. ಈ ಮಾತನ್ನು ಸಿಂಡಿ ತನಗೆ ಅಕ್ಟೋಬರಿನಲ್ಲೇ ಕಲಿಸಿದ್ದಳು, ಅರ್ಥ ಹೇಳಿದ್ದಳು, ತಾನು ಮಿಸೆಸ್ ನಿಂಗಮ್ಮನವರ ಮುಂದೆ ಆಡಿಯೂ ಇದ್ದೆ ಎಂದಳು. ನಾನು ತಪ್ಪು ಅಂದಿದ್ದನ್ನು ಮಾತ್ರ ಹೇಳಲಿಲ್ಲ. ಠಾಣೆಯವನು ತಲೆ ಕೆರೆದುಕೊಂಡು ಹೇಳಿಕೆಯ ಹಾಳೆ ತಿರುಗಿಸಿದ. ಹತ್ತು ನಿಮಿಷಕ್ಕೆ ಮುಗಿಯಿತು. ಸಿಂಧು ನಾಳೆಯಿಂದ ಕ್ಲಾಸಿಗೆ ಬರಬಹುದು, ಬ್ಯಾಗು ಹಿಡಿದದ್ದಕ್ಕೆ ಒಂದು ಬೈಗುಳ, ಅಷ್ಟೆ.

ಆಮೇಲೆ ಹೆಡ್‌ಮಾಸ್ಟರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. ಡಾಕ್ಟರಮ್ಮನಿಗೆ ಹೇಳಿದರು, "ಕಾಗದ ಬಂದು ಒಂದು ವಾರ ಆಯಿತು. ಇವರು ದಿನಾ ಇಲ್ಲೇ ಇದ್ದರು. ಇಷ್ಟು ದಿನ ಯಾಕೆ ಹೇಳಲಿಲ್ಲ, ಕೇಳಿ."

ಡಾಕ್ಟರಮ್ಮ ನನ್ನ ಕಡೆ ನೋಡಿದರು. ಅವರಿಗೂ ಅದೇ ಬೇಕಾಗಿತ್ತು. "ಮಂಗಳವಾರವೇ ಹೇಳ್ತೀನಿ ಅಂದಿದ್ದೆ ನೀನು. ಯಾಕೆ ನಿಂಗಮ್ಮ?"

ಸುಳ್ಳು ಬೇಕಾದಷ್ಟಿದ್ದವು. ನಾಲ್ಕು ದಿನ ಆಡಿ ಸಾಕಾಗಿತ್ತು.

"ಹೊಟ್ಟೆಕಿಚ್ಚು, ಅಮ್ಮಾವ್ರೇ," ಅಂದೆ.

ಡಾಕ್ಟರಮ್ಮನ ಮುಖ ಬಿಳಿಚಿತು. ಕೋಣೆಯಲ್ಲಿ ಎಲ್ಲರೂ ಅವರ ಬಾಯಿಯನ್ನೇ ಕಾಯುತ್ತಿದ್ದರು. ಅವರು ಇಂಗ್ಲಿಷಿನಲ್ಲಿ ಹೇಳಿದರು, "ಅವರಿಗೆ ಹೊಟ್ಟೆಯಲ್ಲಿ ಉರಿ. ವಾರವೆಲ್ಲ ಇತ್ತಂತೆ."

ಡಾಕ್ಟರೇ ಹೇಳಿದ ಮೇಲೆ ಇನ್ನೇನು. ಹೆಡ್‌ಮಾಸ್ಟರು "ಅಯ್ಯೋ ಪಾಪ" ಎನ್ನುವಂತೆ ತಲೆ ಆಡಿಸಿದರು. ಠಾಣೆಯವನು ತನ್ನ ತಾಯಿಗೂ ಹೀಗೇ ಆಗುತ್ತದೆ ಅಂದ. ಸಿಂಧು ಮಾತ್ರ ಕತ್ತೆತ್ತಿ ಮೊದಲು ತಾಯಿಯನ್ನು, ಆಮೇಲೆ ನನ್ನನ್ನು ನೋಡಿದಳು. ಆ ಕೋಣೆಯಲ್ಲಿ ನಾನು ಆಡಿದ್ದೂ, ಅವರಿಗೆ ತಲುಪಿದ್ದೂ, ಎರಡೂ ಗೊತ್ತಿದ್ದವಳು ತಾಯಿಯನ್ನು ಬಿಟ್ಟರೆ ಅವಳೊಬ್ಬಳೇ. ಈಗ ಬಾಯಿ ಬಿಡುತ್ತಾಳೆ ಎಂದು ಕಾದೆ. ಬಿಡಲಿ ಎಂದೂ ಅನ್ನಿಸಿತು.

ಅಷ್ಟರಲ್ಲಿ ಟ್ರೇಸಿ ಎದ್ದು ಹೊರಗೆ ಹೋಗಿದ್ದಳು. ಊಟದಮನೆಯಿಂದ ಒಂದು ದೊಡ್ಡ ಲೋಟದ ತುಂಬ ತಣ್ಣನೆಯ ಹಾಲು ತಂದು ನನ್ನ ಮುಂದೆ ಮಂಡಿಯೂರಿ ಕೂತಳು. "ಉರಿಗೆ ಇದು ಒಳ್ಳೆಯದು, ಮಿಸ್ಸಿಂಗ್. ಮೊದಲೇ ಹೇಳಬಾರದಿತ್ತಾ?"

ನನ್ನ ಕೈ ಏಳಲಿಲ್ಲ. ಅವಳು ಲೋಟ ಹಿಡಿದುಕೊಂಡೇ ಇದ್ದಳು. ಆಗ ಸಿಂಧು, ಐದು ವರ್ಷದಿಂದ ನನಗೆ ಒಂದು ವಾಕ್ಯ ಕನ್ನಡ ಆಡದಿದ್ದವಳು, ಎಲ್ಲರ ಮುಂದೆ, ನಗದೆ, ಬಿಡಿ ಬಿಡಿಯಾಗಿ ಅಂದಳು.

"ಕುಡಿ, ನಿಂಗಿ. ಎಲ್ಲಾ ಕುಡಿ."

ಟ್ರೇಸಿಯ ಕೈಯಿಂದ ಲೋಟ ಇಸಕೊಂಡೆ. ಅವಳು ನೋಡುತ್ತಿದ್ದಂತೆ ತಳದವರೆಗೂ ಕುಡಿದೆ.